ಎಳೆಯ ಮಕ್ಕಳಲ್ಲಿ ಛಲ ಬೆಳೆಸುವ ಮನೆಯಾಟ



ಕಳೆದ ಅವರೆಕಾಯಿ ಕಾಲದಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದಕ್ಕೆ ಭೇಟಿ ನೀಡುವ ಅವಕಾಶ ನಮಗೆ ಒದಗಿತ್ತು. ಆ ಊರಿನಲ್ಲಿ ಮನೆ ಬೇರೆ, ದುಡಿಮೆಯ ಜಾಗ ಬೇರೆ ಎಂಬುದು ಎಷ್ಟೋ ಕುಟುಂಬಗಳಿಗೆ ಇಲ್ಲ. ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗ ಓಡುತ್ತಿತ್ತು. ಬಾಗಿಲಿಗೆ ಅಡ್ಡಲಾಗಿ ಒಂದು ಹಲಗೆ. ಹಲಗೆಯ ಈಚೆ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಒಂದೂವರೆ ವರ್ಷದ ಮೊಮ್ಮಗ ಸ್ಟೀಲ್ ಡಬ್ಬಿಯೊಂದಕ್ಕೆ ಮುಚ್ಚಳ ಹಾಕಲು ಹೆಣಗುತ್ತಿದ್ದ. ಮುಚ್ಚಳ ಒಮ್ಮೆ ಓರೆಯಾಯಿತು, ಇನ್ನೊಮ್ಮೆ ತಲೆಕೆಳಗಾಯಿತು, ಮತ್ತೊಮ್ಮೆ ಜಾರಿ ಉರುಳಿತು. ಮಗು ಮುಖ ಕೆಂಪಗೆ ಮಾಡಿಕೊಂಡು ಸಣ್ಣಗೆ ಕೂಗಿತು. ನಮ್ಮ ಮನಸ್ಸು ತಡೆಯಲಿಲ್ಲ. ಕೈಚಾಚಿ ಮುಚ್ಚಳ ಒತ್ತಿ ಕೊಟ್ಟೆವು.

ಮಗು ಡಬ್ಬಿಯನ್ನು ನೋಡಿತು, ನಮ್ಮನ್ನು ನೋಡಿತು. ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು, ಕಿಟಕಿಯ ಮೇಲಿದ್ದ ಮೊಬೈಲಿನ ಕಡೆ ಬೆರಳು ತೋರಿಸಿತು. ಮಗ್ಗ ನಿಲ್ಲಿಸಿ ಬಂದ ತಾಯಿ ಬೇಸರದಿಂದ, "ನೋಡಿ ಫಾದರ್, ಇವನು ಯಾವ್ದನ್ನೂ ಪೂರ್ತಿ ಮಾಡಲ್ಲ. ಎಲ್ಲಾನೂ ಅರ್ಧಕ್ಕೇ ಬಿಟ್ಟು ಮೊಬೈಲ್ ಕೇಳ್ತಾನೆ" ಎಂದರು. ಅಜ್ಜಿ ತಲೆ ಎತ್ತದೆಯೇ ಹೇಳಿದರು: "ಅವನೆಲ್ಲಿ ಬಿಟ್ಟ? ಫಾದರೇ ಮುಚ್ಚಿಕೊಟ್ಬುಟ್ರಲ್ಲ."

ಆ ಮಾತು ನಮ್ಮನ್ನು ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಮಗು ಕಷ್ಟಪಡುವುದನ್ನು ಕಂಡು ಸಹಾಯ ಮಾಡುವುದು ತಪ್ಪೇ? ಪ್ರಯತ್ನ ಬಿಡದ ಗುಣವನ್ನು ಇಷ್ಟು ಎಳೆಯ ವಯಸ್ಸಿನಲ್ಲಿ ಕಲಿಸಲು ಸಾಧ್ಯವೇ? ಕಲಿಸುವುದಾದರೆ, ದಿನವಿಡೀ ದುಡಿಯುವ ತಂದೆತಾಯಿಗಳಿಗೆ ಅದಕ್ಕೆ ಸಮಯವೆಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಹಠವೇ ಬೇರೆ, ಛಲವೇ ಬೇರೆ

ನಮ್ಮ ಮನೆಗಳಲ್ಲಿ ಈ ಎರಡು ಮಾತುಗಳು ಆಗಾಗ ಬೆರೆತುಹೋಗುತ್ತವೆ. ಬೇಕಾದುದನ್ನು ಇತರರಿಂದ ಪಡೆಯಲು ಮಗು ನೆಲದ ಮೇಲೆ ಬಿದ್ದು ಹೊರಳಾಡಿದರೆ ಅದು ಹಠ. ತನ್ನ ಕೈಯಿಂದಲೇ ಒಂದು ಕೆಲಸ ಆಗಬೇಕೆಂದು ಮತ್ತೆ ಮತ್ತೆ ಯತ್ನಿಸಿದರೆ ಅದು ಛಲ. ಎರಡರಲ್ಲೂ ಅಳು ಇದೆ, ಕೂಗು ಇದೆ, ಸಿಟ್ಟೂ ಇದೆ. ಆದುದರಿಂದ ಹೊರನೋಟಕ್ಕೆ ಎರಡೂ ಒಂದೇ ಎನಿಸಬಹುದು. ಮುಚ್ಚಳದೊಂದಿಗೆ ಹೆಣಗುತ್ತಿದ್ದ ಆ ಮಗು ಕೂಗಿದ್ದನ್ನು ನಾವು ಸಹಾಯದ ಕರೆ ಎಂದು ತಿಳಿದೆವು. ಅದು ತೂಕ ಎತ್ತುವವನ ಬಾಯಿಂದ ಹೊರಡುವ ಸದ್ದಿನಂತಹುದು, ಅಷ್ಟೆ.

ಛಲ ಮಗುವಿಗೆ ಹೊರಗಿನಿಂದ ತುಂಬಬೇಕಾದ ಗುಣವೇನೂ ಅಲ್ಲ. ನಡೆಯಲು ಕಲಿಯುವ ಮಗುವನ್ನೇ ನೋಡಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಆಡುವುದನ್ನು ಚಿತ್ರೀಕರಿಸಿ, ಹೆಜ್ಜೆಗಳನ್ನೂ ಬೀಳುವಿಕೆಗಳನ್ನೂ ಎಣಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಬಾರಿ ಬೀಳುತ್ತಿದ್ದರು. ಗಂಟೆಗೆ ಹದಿನೇಳು ಸಲ ಬಿದ್ದು ಹದಿನೇಳು ಸಲ ಏಳುವ ಛಲ ದೊಡ್ಡವರಾದ ನಮ್ಮಲ್ಲಿ ಎಷ್ಟು ಜನರಿಗಿದೆ?

ಮಕ್ಕಳ ಶಿಕ್ಷಣದಲ್ಲಿ ಹೊಸ ದಾರಿ ತೋರಿದ ಮರಿಯಾ ಮಾಂಟೆಸರಿಯವರಿಗೂ ಇಂತಹದೇ ಅನುಭವವಾಗಿತ್ತು. ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ 1907ರಲ್ಲಿ ಅವರು ತೆರೆದ ಮಕ್ಕಳ ಮನೆಯಲ್ಲಿ ಸುಮಾರು ಮೂರು ವರ್ಷದ ಬಾಲಕಿಯೊಬ್ಬಳು ಮರದ ಉರುಳೆಗಳನ್ನು ಅವುಗಳ ಅಳತೆಯ ಕುಳಿಗಳಿಗೆ ಸೇರಿಸುವ ಆಟದಲ್ಲಿ ಮುಳುಗಿದ್ದಳು. ಸುತ್ತ ಗದ್ದಲವಾದರೂ, ಕುರ್ಚಿ ಸಮೇತ ಎತ್ತಿ ಮೇಜಿನ ಮೇಲೆ ಕೂರಿಸಿದರೂ ಅವಳು ಬಿಡಲಿಲ್ಲ. ಅದನ್ನೇ ನಲವತ್ತಕ್ಕೂ ಹೆಚ್ಚು ಬಾರಿ ಮಾಡಿ ಮುಗಿಸಿ, ನಗುತ್ತಾ ಎದ್ದಳು. ದೊಡ್ಡವರ ಕಣ್ಣಿಗೆ 'ಅದೇ ಆಟ' ಎನಿಸುವುದು ಮಗುವಿಗೆ ಪ್ರತಿ ಸಲವೂ ಹೊಸ ಕೆಲಸ. ಆದುದರಿಂದ ಇರುವ ಛಲ ಮುರುಟದಂತೆ ನೋಡಿಕೊಳ್ಳುವುದೇ ನಮ್ಮ ಮುಖ್ಯ ಹೊಣೆ.

ಮಗು ನಮ್ಮನ್ನು ನೋಡುತ್ತಿದೆ

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಜೂಲಿಯಾ ಲೆನಾರ್ಡ್, ಯುನಾ ಲೀ ಮತ್ತು ಲಾರಾ ಶುಲ್ಜ್ ಅವರು ನಡೆಸಿದ ಪ್ರಯೋಗವೊಂದು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹದಿನೈದು ತಿಂಗಳ ಮಕ್ಕಳ ಮುಂದೆ ದೊಡ್ಡವರೊಬ್ಬರು ಡಬ್ಬಿಯಿಂದ ಆಟಿಕೆ ತೆಗೆಯಬೇಕು. ಕೆಲವು ಮಕ್ಕಳ ಮುಂದೆ ಅವರು ಬಹಳ ಹೆಣಗಿ, ಹಲವು ರೀತಿ ಯತ್ನಿಸಿ, ಕೊನೆಗೆ ತೆಗೆದರು. ಇನ್ನು ಕೆಲವರ ಮುಂದೆ ಕ್ಷಣದಲ್ಲೇ ತೆಗೆದರು. ಬಳಿಕ ಮಕ್ಕಳ ಕೈಗೆ ಬೇರೊಂದು ಆಟಿಕೆ ಕೊಡಲಾಯಿತು. ಅದರ ದೊಡ್ಡ ಗುಂಡಿಯನ್ನು ಒತ್ತಿದರೆ ಹಾಡು ಬರುವಂತೆ ಕಾಣುತ್ತಿತ್ತು. ಆದರೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ದೊಡ್ಡವರು ಹೆಣಗಿದ್ದನ್ನು ಕಂಡ ಮಕ್ಕಳು ಆ ಗುಂಡಿಯನ್ನು ಹೆಚ್ಚು ಬಾರಿ ಒತ್ತಿ ನೋಡಿದರು. ದೊಡ್ಡವರು ಮಗುವಿನ ಹೆಸರು ಹಿಡಿದು ಕರೆದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾ ಮಾಡಿದಾಗ ಪರಿಣಾಮ ಇನ್ನೂ ಹೆಚ್ಚಾಗಿತ್ತು.

ಇದು ಪ್ರಯೋಗಾಲಯದ ಕೆಲವೇ ನಿಮಿಷಗಳ ಮಾತು. ಇದರಿಂದ ಮಗುವಿನ ಇಡೀ ಭವಿಷ್ಯವನ್ನು ಅಳೆಯುವಂತಿಲ್ಲ. ಆದರೂ ಇದರಲ್ಲಿ ದುಡಿಯುವ ಮನೆಗಳಿಗೆ ಒಂದು ಸಮಾಧಾನವಿದೆ. ಮಗ್ಗದಲ್ಲಿ ಎಳೆ ಕಡಿಯುತ್ತದೆ. ತಾಯಿ ಮಗ್ಗ ನಿಲ್ಲಿಸಿ, ಕಡಿದ ತುದಿ ಹುಡುಕಿ, ಗಂಟು ಹಾಕಿ ಮತ್ತೆ ಓಡಿಸುತ್ತಾಳೆ. ಹಲಗೆಯಾಚೆಯಿಂದ ಮಗು ಅದನ್ನು ದಿನಕ್ಕೆ ಎಷ್ಟೋ ಸಲ ನೋಡುತ್ತದೆ. ಅದಕ್ಕೊಂದು ಮಾತು ಸೇರಿದರೆ ಸಾಕು: "ಅಯ್ಯೋ, ಕಡಿದೋಯ್ತು ಕಂದ. ತಡಿ, ಇನ್ನೊಂದ್ಸಲ ಹಾಕೋಣ. ಸಿಗ್ತಾ ಇಲ್ಲ... ಹಾಂ, ಸಿಕ್ತು!" ದೇವನಹಳ್ಳಿಯ ತೋಟದಲ್ಲಾಗಲಿ, ಹೊಸಕೋಟೆಯ ಬಾಡಿಗೆ ಮನೆಯ ಅಡುಗೆ ಕೋಣೆಯಲ್ಲಾಗಲಿ, ನಮ್ಮ ಕರಾವಳಿಯಲ್ಲಿ ಮೀನಿನ ಬಲೆ ಸರಿಪಡಿಸುವ ಅಂಗಳದಲ್ಲಾಗಲಿ ಇಂತಹ ಪಾಠಗಳು ದಿನವೂ ನಡೆಯುತ್ತಿವೆ. ನಾವು ಅವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ನಮ್ಮ ಕೈ ಮುಂದಾದಾಗ

ಅದೇ ಜೂಲಿಯಾ ಲೆನಾರ್ಡ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಾಲ್ಕೈದು ವರ್ಷದ ಮಕ್ಕಳ ಬಗ್ಗೆ. ಕಷ್ಟದ ಚಿತ್ರಜೋಡಣೆ ಆಡುತ್ತಿದ್ದಾಗ ದೊಡ್ಡವರು ಮಧ್ಯೆ ಕೈಹಾಕಿ ತಾವೇ ಮುಗಿಸಿಕೊಟ್ಟರೆ, ಆ ಮಕ್ಕಳು ಮುಂದಿನ ಕಷ್ಟದ ಕೆಲಸವನ್ನು ಬೇಗನೆ ಕೈಬಿಟ್ಟರು. ದೊಡ್ಡಬಳ್ಳಾಪುರದ ಅಜ್ಜಿ ಅವರೆಕಾಯಿ ಸುಲಿಯುತ್ತಾ ಹೇಳಿದ್ದೂ ಇದನ್ನೇ. 'ನಿನ್ನಿಂದ ಆಗದು, ಕೊಡು ಇಲ್ಲಿ' ಎಂದು ನಾವು ಬಾಯಲ್ಲಿ ಹೇಳದಿದ್ದರೂ ನಮ್ಮ ಕೈ ಹೇಳಿಬಿಡುತ್ತದೆ.

ಹೊಗಳಿಕೆಯ ವಿಷಯದಲ್ಲೂ ಎಚ್ಚರ ಅಗತ್ಯ. ಎಲಿಜಬೆತ್ ಗಂಡರ್ಸನ್ ಮತ್ತು ಸಂಗಡಿಗರು 14ರಿಂದ 38 ತಿಂಗಳ ಮಕ್ಕಳ ಮನೆಗಳಲ್ಲಿ ತಂದೆತಾಯಿಗಳ ಮಾತನ್ನು ಚಿತ್ರೀಕರಿಸಿ, ಐದು ವರ್ಷಗಳ ನಂತರ ಅದೇ ಮಕ್ಕಳನ್ನು ಮಾತಾಡಿಸಿದರು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಎಳವೆಯಲ್ಲಿ ಪ್ರಯತ್ನಕ್ಕೆ ಹೊಗಳಿಕೆ ಹೆಚ್ಚಾಗಿ ಕೇಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಕೆಲಸವನ್ನು ಇಷ್ಟಪಡುವವರೂ, ಬುದ್ಧಿ ದುಡಿಮೆಯಿಂದ ಬೆಳೆಯುತ್ತದೆಂದು ನಂಬುವವರೂ ಆಗಿದ್ದುದು ಕಂಡುಬಂತು. 'ಜಾಣ ಮರಿ', 'ನನ್ನ ರಾಜ' ಎಂದು ಮುದ್ದು ಮಾಡುವುದು ಬೇಡವೆಂದಲ್ಲ. ಅದರ ಜೊತೆಗೆ 'ಎಷ್ಟು ಸಲ ತಿರುಗಿಸಿ ನೋಡ್ದೆ ನೀನು!', 'ಬಿದ್ದರೂ ಮತ್ತೆ ಜೋಡಿಸ್ದೆಯಲ್ಲ!' ಎಂಬ ಮಾತೂ ಇರಲಿ.

ಆಟಿಕೆ ಅಡುಗೆ ಮನೆಯಲ್ಲೇ ಇದೆ

ಮರದ ಆಟಿಕೆಗಳಿಗೆ ಹೆಸರಾದ ಚನ್ನಪಟ್ಟಣ 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಗುವವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಆಲೆ ಮರವನ್ನು ಕಡೆದು, ಬಣ್ಣದ ಅರಗು ಹಚ್ಚಿ ಮಾಡುವ ಅಲ್ಲಿನ ಆಟಿಕೆಗಳಲ್ಲಿ ಕಡ್ಡಿಗೆ ಬಳೆಗಳನ್ನು ಒಂದರ ಮೇಲೊಂದು ಪೋಣಿಸುವಂತಹದು ಈ ವಯಸ್ಸಿಗೆ ಹೇಳಿ ಮಾಡಿಸಿದ ಆಟ. ಕೊಳ್ಳುವ ಅನುಕೂಲವಿದ್ದವರು ಕೊಳ್ಳಲಿ. ಇಲ್ಲದವರು ಕೊರಗಬೇಕಾಗಿಲ್ಲ. ಮಗುವಿಗೆ ಬೇಕಾದುದು ತುಸು ಕಷ್ಟವೆನಿಸುವ, ಆದರೆ ಯತ್ನಿಸಿದರೆ ಕೈಗೂಡುವ ಕೆಲಸ. ಅಂತಹ ಕೆಲವು ಆಟಗಳನ್ನು ಇಲ್ಲಿ ಕೊಡುತ್ತಿದ್ದೇವೆ.

1. ಸೇರು-ಪಾವು: ಸೇರು, ಅಚ್ಚೇರು, ಪಾವು ಒಂದರೊಳಗೊಂದು ಕೂರುತ್ತವೆ. ಕರಾವಳಿಯ ಮನೆಗಳಲ್ಲಾದರೆ ಪಾವು, ಕುಡ್ತೆ. ಇವಿಲ್ಲದಿದ್ದರೆ ಬೇರೆ ಬೇರೆ ಅಳತೆಯ ಲೋಟಗಳಾದರೂ ಆದೀತು. ದೊಡ್ಡದನ್ನು ಸಣ್ಣದರೊಳಗೆ ತುರುಕಲು ಮಗು ಹೆಣಗಲಿ. 'ಅದು ಹೋಗಲ್ಲ' ಎಂದು ಹೇಳಬೇಡಿ, ಪಾತ್ರೆಯೇ ಹೇಳುತ್ತದೆ.

2. ಡಬ್ಬಿ-ಮುಚ್ಚಳ: ಒಂದು ವರ್ಷದ ಮಗುವಿಗೆ ಸಡಿಲವಾಗಿ ಕೂರುವ ಮುಚ್ಚಳ, ಒಂದೂವರೆ ವರ್ಷಕ್ಕೆ ಒತ್ತಿ ಹಾಕುವ ಮುಚ್ಚಳ, ಎರಡು ದಾಟಿದ ಮೇಲೆ ತಿರುಗಿಸುವ ಮುಚ್ಚಳ. ಮೂರು ಡಬ್ಬಿ, ಮೂರು ಮುಚ್ಚಳ ಬೆರೆಸಿ ಇಟ್ಟರೆ ಎರಡೂವರೆ ವರ್ಷದ ಮಗುವಿಗೆ ಒಳ್ಳೆಯ ಸವಾಲು.

3. ಕೋಲಿಗೆ ಬಳೆ: ಮುದ್ದೆ ತೊಳಸುವ ಕೋಲನ್ನು ನೀವು ನೆಟ್ಟಗೆ ಹಿಡಿದುಕೊಳ್ಳಿ. ಒಡೆಯದ ದಪ್ಪ ಬಳೆಗಳನ್ನು ಮಗು ಪೋಣಿಸಲಿ. ಗಾಜಿನ ಬಳೆ ಬೇಡವೇ ಬೇಡ.

4. ಬಟ್ಟೆಯಡಿಯ ಗುಟ್ಟು: ಮಗುವಿನ ಕಣ್ಣೆದುರೇ ಚೆಂಡನ್ನು ಟವೆಲಿನಲ್ಲಿ ಸುತ್ತಿ ಕೊಡಿ. ಬಿಚ್ಚುವುದು ಬಂದ ಮೇಲೆ ಎರಡು ಸುತ್ತು, ಆಮೇಲೆ ಸಡಿಲವಾದ ಒಂದು ಗಂಟು.

5. ಕೆಲಸದಲ್ಲಿ ಪಾಲು: ಅವರೆಕಾಯಿಯ ಖಾಲಿ ಸಿಪ್ಪೆಗಳನ್ನು ಮಂಕರಿಗೆ ಹಾಕುವುದು, ಒಗೆದ ಕಾಲುಚೀಲಗಳ ಜೋಡಿ ಹುಡುಕುವುದು, ಚಪ್ಪಲಿಗಳನ್ನು ಸಾಲಾಗಿ ಇಡುವುದು. ಎರಡು ವರ್ಷದ ಮಗುವಿಗೆ ಇದು ಆಟವೂ ಹೌದು, 'ನಾನೂ ಈ ಮನೆಯವನು' ಎಂಬ ಹೆಮ್ಮೆಯೂ ಹೌದು.

6. ಗೋಪುರ: ಖಾಲಿ ಬೆಂಕಿಪೊಟ್ಟಣ ಬೇಡ; ಸೋಪಿನ ಡಬ್ಬಗಳು, ಹಾಲಿನ ರಟ್ಟಿನ ಪೆಟ್ಟಿಗೆಗಳು ಇರಲಿ. ಒಂದರ ಮೇಲೊಂದು ಜೋಡಿಸಿ ಬೀಳಿಸುವುದು. ಬಿದ್ದಾಗ ನಾವೇ ಮೊದಲು ನಕ್ಕರೆ, ಬೀಳುವುದು ಸೋಲಲ್ಲವೆಂದು ಮಗುವಿಗೆ ತಿಳಿಯುತ್ತದೆ.

ಒಂದೇ ಸಲಕ್ಕೆ ಎಲ್ಲವನ್ನೂ ಹರಡಬೇಡಿ. ಎದುರಿಗೆ ಒಂದೆರಡು ವಸ್ತುಗಳಿದ್ದರೆ ಮಗು ಅವುಗಳೊಂದಿಗೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಎಷ್ಟು ಸಹಾಯ, ಯಾವಾಗ?

ಮಗು ಕೂಗಿದ ತಕ್ಷಣ ಕೈಚಾಚದೆ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಇನ್ನೂ ಯತ್ನಿಸುತ್ತಿದ್ದರೆ ಸುಮ್ಮನಿರಿ. ನಿಮ್ಮ ಮುಖ ನೋಡಿದರೆ ಮಾತಿನ ಸಹಾಯ ಮಾಡಿ: "ತಿರುಗಿಸಿ ನೋಡು." ಅದೂ ಸಾಲದಿದ್ದರೆ ಅರ್ಧ ಸಹಾಯ: ಡಬ್ಬಿ ಅಲುಗಾಡದಂತೆ ಹಿಡಿದುಕೊಳ್ಳಿ, ಮುಚ್ಚಳವನ್ನು ಅಂಚಿಗೆ ತಂದು ಬಿಡಿ. ಕೊನೆಯ ಒತ್ತು ಮಾತ್ರ ಮಗುವಿನ ಕೈಯದೇ ಆಗಿರಲಿ. ಒಮ್ಮೆ ಮಾಡಿ ತೋರಿಸಬೇಕಾಗಿ ಬಂದರೆ, ತೋರಿಸಿದ ಮೇಲೆ ಮುಚ್ಚಳ ತೆಗೆದು ಮತ್ತೆ ಮಗುವಿನ ಮುಂದೆ ಇಡಿ.

ಛಲದ ಹೆಸರಿನಲ್ಲಿ ಮಗುವನ್ನು ಹಿಂಸಿಸಲೂಬಾರದು. ಹಸಿವು, ನಿದ್ದೆ, ಜ್ವರ ಇದ್ದಾಗ ಯಾವ ಆಟವೂ ಕಲಿಸುವುದಿಲ್ಲ. ಅಳು ತಾರಕಕ್ಕೇರಿದರೆ ಎತ್ತಿಕೊಂಡು ಸಮಾಧಾನಪಡಿಸಿ, ಆಟವನ್ನು ನಾಳೆಗೆ ಇಡಿ. ನಾಳೆ ಮತ್ತೆ ಅದೇ ಡಬ್ಬಿ ಕೈಗೆತ್ತಿಕೊಳ್ಳುವುದೂ ಛಲವೇ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಕೆ ಬೇಡ. ಆದರೆ ಹದಿನೆಂಟು ತಿಂಗಳಾದರೂ ಮಗು ನಡೆಯದಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಅಥವಾ ಕಲಿತಿದ್ದನ್ನು ಮರೆಯುತ್ತಾ ಹೋದರೆ, 'ನಮ್ಮ ವಂಶದಲ್ಲಿ ಎಲ್ಲರೂ ನಿಧಾನ' ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.

ಎಚ್ಚರಿಕೆಯ ಮಾತು

ಈ ವಯಸ್ಸಿನ ಮಗುವಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಕಡಲೆಕಾಯಿ ಬೀಜ, ಅವರೆಬೇಳೆ, ಹುಣಸೆ ಬೀಜ, ಮಣಿ, ನಾಣ್ಯ ಇವು ಉಸಿರುನಾಳದಲ್ಲಿ ಸಿಕ್ಕಿಕೊಳ್ಳಬಹುದು; ಮೂರು ವರ್ಷದೊಳಗಿನ ಮಕ್ಕಳ ಆಟಕ್ಕೆ ಇವು ಸಲ್ಲವು. ಗುಂಡಿಯಾಕಾರದ ಸಣ್ಣ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ನೀರು ತುಂಬಿದ ಬಕೆಟ್ ಬಳಿ ಮಗುವನ್ನು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಮಗ್ಗದ ಕೋಣೆಗೂ ಮಗುವಿಗೂ ನಡುವೆ ಗಟ್ಟಿಯಾದ ತಡೆ ಇರಲೇಬೇಕು. ಮಗು ತಾಯಿಯ ಕೆಲಸವನ್ನು ನೋಡಲಿ, ಆದರೆ ತಡೆಯ ಈಚೆಯಿಂದಲೇ ನೋಡಲಿ.

ಮೊಬೈಲಿನ ಮಾತು

ಕೈಗೆ ಮೊಬೈಲ್ ಕೊಡುವ ತಾಯಿಯನ್ನು ದೂರುವುದು ಸುಲಭ. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ ಎಂಬುದನ್ನು ನಾವು ಮರೆಯಬಾರದು. ಆದರೂ ವಿಷಯವನ್ನು ನೇರವಾಗಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ನೋಡುವುದು ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಛಲದ ದೃಷ್ಟಿಯಿಂದ ನೋಡಿದರೆ ಕಾರಣ ಸರಳ. ಪರದೆ ಬೆರಳು ಸೋಕಿದೊಡನೆ ಕುಣಿಯುತ್ತದೆ. ಅಲ್ಲಿ ಕಾಯುವುದೂ ಇಲ್ಲ, ಹೆಣಗುವುದೂ ಇಲ್ಲ. ಡಬ್ಬಿಯ ಮುಚ್ಚಳ ಹಾಗಲ್ಲ, ಮಗುವಿನ ಬೆರಳಿಗೆ ಎದುರು ನಿಲ್ಲುತ್ತದೆ. ಪೂರ್ತಿ ಬಿಡಿಸಲಾಗದ ಮನೆಗಳಲ್ಲಿ ಮೊಬೈಲಿಗೆ ಮೊದಲು ಡಬ್ಬಿ ಕೊಡುವ ಅಭ್ಯಾಸವನ್ನಾದರೂ ಆರಂಭಿಸಬಹುದು.

ಮೂರು ವರ್ಷದವರೆಗೆ ಮನೆಯೇ ಶಾಲೆ

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಶಾಲಾಪೂರ್ವ ಕಲಿಕೆ ಸಿಗುವುದು ಮೂರರಿಂದ ಆರು ವರ್ಷದ ಮಕ್ಕಳಿಗೆ. ಅದಕ್ಕಿಂತ ಎಳೆಯ ಮಕ್ಕಳಿಗೆ ಪೂರಕ ಆಹಾರ, ತೂಕದ ತಪಾಸಣೆ, ಚುಚ್ಚುಮದ್ದಿನ ನೆರವು ದೊರೆಯುತ್ತದೆ; ಆಟ-ಪಾಠವೆಲ್ಲ ಮನೆಯದೇ. ಈ ಕೊರತೆಯನ್ನು ಮನಗಂಡು ಕೇಂದ್ರ ಸರ್ಕಾರ 2024ರಲ್ಲಿ 'ನವಚೇತನ' ಎಂಬ ಮಾರ್ಗಸೂಚಿಯನ್ನು ಹೊರತಂದಿತು. ಹುಟ್ಟಿನಿಂದ ಮೂರು ವರ್ಷದವರೆಗೆ ತಿಂಗಳು ತಿಂಗಳಿಗೆ ಆಡಿಸಬಹುದಾದ ಆಟಗಳು ಅದರಲ್ಲಿವೆ. ನಮ್ಮ ರಾಜ್ಯದಲ್ಲಿ 2023ರಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 'ಕೂಸಿನ ಮನೆ' ಯೋಜನೆ ಆರಂಭವಾಯಿತು. ನಿಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಯರಲ್ಲಿ ಇವುಗಳ ಬಗ್ಗೆ ವಿಚಾರಿಸಿ.

ಕುಟುಂಬ ಭೇಟಿಗೆ ಹೋಗುವ ಧರ್ಮಕೇಂದ್ರದ ಕಾರ್ಯಕರ್ತರಿಗೆ ನಮ್ಮದೊಂದು ವಿನಂತಿ. ಮಗುವಿರುವ ಮನೆಗೆ ಹೋದಾಗ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಬರುವುದರ ಜೊತೆಗೆ ಹತ್ತು ನಿಮಿಷ ನೆಲದ ಮೇಲೆ ಕುಳಿತು ಮಗು ಆಡುವುದನ್ನು ನೋಡಿ. ತಾಯಿಗೆ ಉಪದೇಶ ಬೇಡ. ಮಗು ಎಷ್ಟು ಸಲ ಯತ್ನಿಸಿತೆಂದು ಎಣಿಸಿ, ಆ ಲೆಕ್ಕವನ್ನು ತಾಯಿಗೆ ಹೇಳಿ. 'ಇವನು ಏನನ್ನೂ ಪೂರ್ತಿ ಮಾಡಲ್ಲ' ಎಂದು ನಂಬಿರುವ ತಾಯಿಗೆ, 'ಒಂಬತ್ತು ಸಲ ಪ್ರಯತ್ನಿಸಿದ' ಎಂಬ ಮಾತು ದೊಡ್ಡ ಆಸರೆ.

ಅಂದು ದೊಡ್ಡಬಳ್ಳಾಪುರದ ಆ ಮನೆಯಿಂದ ಹೊರಡುವ ಮೊದಲು ನಾವು ಮುಚ್ಚಳವನ್ನು ಮತ್ತೆ ತೆಗೆದು ಡಬ್ಬಿಯ ಪಕ್ಕದಲ್ಲಿ ಇಟ್ಟೆವು. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಕುಳಿತೆವು. ಮಗು ಸ್ವಲ್ಪ ಹೊತ್ತು ಅತ್ತಿತ್ತ ಸುಳಿದು, ಅಜ್ಜಿಯ ತೊಡೆಗೆ ಒರಗಿ, ಮತ್ತೆ ಡಬ್ಬಿಗೆ ಕೈಹಾಕಿತು. ನಾವು ಕಾಫಿ ಕುಡಿದು ಮುಗಿಸುವವರೆಗೂ ಮುಚ್ಚಳ ಕೂರಲಿಲ್ಲ. ನಾವು ಗೇಟು ದಾಟುವಾಗ ಮಗ್ಗದ ಸದ್ದಿನ ನಡುವೆ ಸ್ಟೀಲಿಗೆ ಸ್ಟೀಲು ತಾಗುವ ಸದ್ದು ಇನ್ನೂ ಕೇಳುತ್ತಲೇ ಇತ್ತು. ನಿಮ್ಮ ಮನೆಯಲ್ಲೂ ಆ ಸದ್ದು ಕೇಳಿಸಲಿ. ಕೇಳಿಸಿದಾಗ, ದಯವಿಟ್ಟು ಹತ್ತರವರೆಗೆ ಎಣಿಸಿ.